ಗಿರಣಿ ಅವ್ವ ಡಬ್ಬಿಗೆ ಮನೆ ನೋಡಿದ್ದು

ಅವಳ ಕಣ್ಣರೆಪ್ಪೆಗಳು ಬೆಳ್ಳಗಿದ್ದವು. ಹುಬ್ಬು, ಮೂಗಿನ ತುದಿ, ಬೆಂಡೋಲೆಯ ಹಿಂದಿನ ಸಂದು, ಕತ್ತಿನ ಮಡಿಕೆ, ಎಲ್ಲದರ ಮೇಲೂ ಜೋಳದ ಹಿಟ್ಟು ಕೂತಿರುತ್ತಿತ್ತು. ಆದರೆ ನೋಡಿದವರ ನೆನಪಿನಲ್ಲಿ ಉಳಿಯುತ್ತಿದ್ದದ್ದು ಆ ರೆಪ್ಪೆಗಳು. ಪಂಚಮಿಗೆ ಗಿರಣಿ ಬಂದ್ ಮಾಡಿ, ತಲೆಗೆ ಎರೆದುಕೊಂಡು ಕಟ್ಟೆಯ ಮೇಲೆ ಬಂದು ಕೂತಳೆಂದರೆ ನಮ್ಮ ಓಣಿಯ ಜನರೇ ಗುರುತು ಹಿಡಿಯದೆ ಯಾರ ಮನೆಗೆ ಬೀಗರು ಬಂದಿದ್ದಾರೆ ಎಂದು ಕೇಳುತ್ತಿದ್ದರು. ಕರಿ ರೆಪ್ಪೆಯ ಆ ಹೆಂಗಸು ಬೇರೆ ಯಾರೋ. ನಮಗೆ ಗೊತ್ತಿದ್ದವಳು ಬಿಳಿ ರೆಪ್ಪೆಯ ಗಿರಣಿ ಅವ್ವ.

ನಾನು ಕರೆಂಟಿನ ಮೀಟರ್ ಓದುವವನು. ಕೊಪ್ಪಳದ ಕೆಲವು ಓಣಿಗಳು, ಇರಕಲ್ಲಗಡದ ದಾರಿಯ ಕೆಲವು ಊರುಗಳು ನನ್ನ ಪಾಲಿಗೆ ಬರುತ್ತವೆ. ಈ ಕೆಲಸಕ್ಕೆ ಸೇರಿದ ಮೇಲೆ ಮನುಷ್ಯರ ಮೇಲಿದ್ದ ಅಲ್ಪಸ್ವಲ್ಪ ಗೌರವವೂ ನನಗೆ ಹೋಗಿಬಿಟ್ಟಿತು. ಉಳಿದವರು ಒಂದು ಮನೆಯನ್ನು ಮುಂಬಾಗಿಲಿನಿಂದ ನೋಡುತ್ತಾರೆ, ನಾನು ಮೀಟರಿನ ಕಡೆಯಿಂದ ನೋಡುತ್ತೇನೆ. ಮುಂದೆ ರಂಗೋಲಿ, ಹಿಂದೆ ಹೋದರೆ ಗಟಾರು. ಮೀಟರಿನ ಡಬ್ಬದ ಮೇಲೆ ಹಲ್ಲಿಯ ಮೊಟ್ಟೆ, ಹಳೆಯ ಕಸಬರಿಗೆ, ಮಕ್ಕಳು ಒರೆಸಿದ ಸಿಂಬಳ. ಕೆಲವರಂತೂ ಹರಕು ಚಪ್ಪಲಿಗಳನ್ನು ಅದರ ಮೇಲೆಯೇ ಜೋಡಿಸಿಟ್ಟಿರುತ್ತಾರೆ. ಸಂಜೆ ಮನೆಗೆ ಹೋದರೆ ಕೈ ತೊಳೆದು ಮುಗಿಯುವುದಿಲ್ಲ ನನಗೆ. ನಾಯಿ ಕಂಡರೂ ನನಗಾಗದು, ಬಲಗಾಲಿನ ಮೀನಖಂಡದ ಮೇಲೆ ಅವುಗಳ ಹಲ್ಲಿನ ಗುರುತು ಇವತ್ತಿಗೂ ಇದೆ.

ಗಿರಣಿ ಅವ್ವನಿಗೂ ಹೇಸಿಗೆ ಜಾಸ್ತಿ. ಅದಕ್ಕೇ ನಮ್ಮಿಬ್ಬರಿಗೂ ಕೂಡಿಬಂತು. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಮಕ್ಕಳಿರಲಿಲ್ಲ. ಕುಷ್ಟಗಿಯಲ್ಲಿ ಒಬ್ಬ ತಂಗಿ ಇದ್ದಳು. ತಿಂಗಳಿಗೊಮ್ಮೆ ಅವಳ ಮೀಟರ್ ಓದಲು ಹೋದವನು ಚಹಾ ಕುಡಿಯದೆ ಹೊರಗೆ ಬಂದದ್ದಿಲ್ಲ. ಚಹಾದ ಜೊತೆಗೆ ಊರನ್ನು ಬಯ್ಯುವ ಕೆಲಸ. ನಾನು ಮನೆಗಳ ಹಿತ್ತಲನ್ನು ಬಯ್ಯುತ್ತಿದ್ದೆ, ಅವಳು ಆ ಮನೆಗಳಿಂದ ಬಂದ ಜೋಳವನ್ನು ಬಯ್ಯುತ್ತಿದ್ದಳು.

ಯಾರೇ ಚೀಲ ತಂದರೂ ಮೊದಲು ಮೊಣಕೈವರೆಗೆ ಒಳಗೆ ಕೈ ಹಾಕಿ, ತಳದಿಂದ ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಹರವಿ ಊದುತ್ತಿದ್ದಳು. ಮೇಲಿನ ಕಾಳನ್ನು ಅವಳು ನಂಬುತ್ತಿರಲಿಲ್ಲ. ಹಳ್ಳಿನ ಒಂದು ಕಲ್ಲುಚೂರು ಸಿಕ್ಕಿತೋ, ಮುಗಿಯಿತು. ಹಳ್ಳು ಬಿದ್ದರೆ ಗಿರಣಿಯ ಕಲ್ಲು ಹಾಳಾಗುತ್ತದೆ ಎನ್ನುವುದು ನಿಜ, ಆದರೆ ಅವಳ ಸಿಟ್ಟು ಬರೀ ಕಲ್ಲಿನದಾಗಿರಲಿಲ್ಲ. ಹಸನು ಮಾಡದ ಕಾಳು ತರುವವರ ನಡತೆಯೇ ಹಸನಿಲ್ಲ ಎಂದು ಅವಳ ತೀರ್ಮಾನ. "ಮನಿ ನೋಡಾಕ ಮನಿಗೆ ಹೋಗೂದು ಯಾಕ? ಜೋಳ ನೋಡಿದ್ರ ಸಾಕು," ಎನ್ನುತ್ತಿದ್ದಳು. ಯಾರದಾದರೂ ಮನೆಯ ಸಂಬಂಧ ಮಾಡಬಹುದೇ ಎಂದು ಕೇಳಲು ಬಂದವರಿಗೂ ಅವಳು ಇದೇ ಲೆಕ್ಕದಲ್ಲಿ ಹೌದು ಅಲ್ಲ ಹೇಳಿದ್ದುಂಟು, ಜನ ನಂಬಿದ್ದೂ ಉಂಟು.

ಡಬ್ಬಿ ಬಂದ ದಿನ ನಾನು ಅಲ್ಲೇ ಇದ್ದೆ. ಕಾರಿನಿಂದ ಇಳಿದ ಒಬ್ಬ ಗೃಹಸ್ಥ, ಇಸ್ತ್ರಿ ಮಾಡಿದ ಅಂಗಿ, ಒಂದು ಕೈಯಲ್ಲಿ ಗೋದಿ ತುಂಬಿದ ತಗಡಿನ ಡಬ್ಬಿ, ಇನ್ನೊಂದರಲ್ಲಿ ಕಂದು ಬಣ್ಣದ ಜಾತಿನಾಯಿಯ ಸರಪಳಿ. ಗೋದಿ ಬೀಸಿಡಿ, ನಾಯಿ ಇಲ್ಲೇ ಇರಲಿ, ತರಕಾರಿ ತಗೊಂಡು ಬಂದೆ ಅಂದ. ನಾಯಿಯನ್ನು ಶಟರಿನ ಕಂಬಕ್ಕೆ ಕಟ್ಟಿ ಹೋದವನು ಬರಲೇ ಇಲ್ಲ. ಅವನಿಗೆ ವರ್ಗವಾಗಿತ್ತು, ಮನೆಯ ಸಾಮಾನೆಲ್ಲ ಬೆಳಿಗ್ಗೆಯೇ ಲಾರಿ ಹತ್ತಿತ್ತು ಎಂದು ಆಮೇಲೆ ತಿಳಿಯಿತು. ನಾಯಿಯನ್ನು ಬೀದಿಯಲ್ಲಿ ಬಿಟ್ಟುಹೋದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬಿಡಲು ಒಂದು ನೆವ ಬೇಕೆಂದು ಅಂಗಡಿಯಿಂದ ಗೋದಿ ಕೊಂಡು ತಂದವನನ್ನು ಅವತ್ತೇ ಕಂಡದ್ದು. ಅವನ ಮುಖ ನೆನಪಾದರೆ ಈಗಲೂ ನನ್ನ ಬಾಯಲ್ಲಿ ಕಹಿ ಬರುತ್ತದೆ.

ಅವ್ವ ಮಾತ್ರ ಬಹಳ ದಿನ ಕಾದಳು. ಹಿಟ್ಟು ಬಿಟ್ಟು ಯಾರೂ ಹೋಗುವುದಿಲ್ಲ ಎಂದು ಅವಳ ನಂಬಿಕೆ. ಇಷ್ಟು ವರ್ಷದಲ್ಲಿ ಅವಳ ಗಿರಣಿಯಲ್ಲಿ ಛತ್ರಿ ಬಿಟ್ಟುಹೋದವರಿದ್ದರು, ಕನ್ನಡಕ ಬಿಟ್ಟುಹೋದವರಿದ್ದರು, ಹಿಟ್ಟು ಬಿಟ್ಟುಹೋದವರಿರಲಿಲ್ಲ. ಕಡೆಗೆ ಹಿಟ್ಟಿಗೆ ನುಸಿ ಹಿಡಿಯಿತು. ಅವತ್ತು ಅವಳು ಅದನ್ನು ಜರಡಿ ಹಿಡಿದು, ಚಪಾತಿ ಲಟ್ಟಿಸಿ ನಾಯಿಗೆ ಹಾಕಿದಳು. ಖಾಲಿಯಾದ ತಗಡಿನ ಡಬ್ಬಿ ಅದರ ನೀರಿನ ಪಾತ್ರೆಯಾಯಿತು. ಹೆಸರು ಕೇಳಿದವರಿಗೆ ಅವಳು ಆ ಡಬ್ಬಿಯನ್ನೇ ತೋರಿಸಿದಳು. ಹಾಗೆ ನಾಯಿ ಡಬ್ಬಿಯಾಯಿತು.

ಬಂದಾಗಲೇ ಅದು ಎಳೆಯದಲ್ಲ. ಮೂತಿ ಬೆಳ್ಳಗಾಗಲು ಶುರುವಾಗಿತ್ತು. ಗಿರಣಿಯಲ್ಲಿ ನಾಲ್ಕು ದಿನ ಮಲಗಿದ ಮೇಲೆ ಹಿಟ್ಟಿನ ಬಿಳುಪು ಯಾವುದು ವಯಸ್ಸಿನ ಬಿಳುಪು ಯಾವುದು ಎಂದು ಹೇಳುವುದೇ ಕಷ್ಟವಾಯಿತು. ಗಿರಣಿ ಶುರುವಾದರೆ ಓಣಿಯ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಿದ್ದವು, ಡಬ್ಬಿ ನಿದ್ದೆ ಹೋಗುತ್ತಿತ್ತು. ಗಿರಣಿ ನಿಂತರೆ ಎಚ್ಚರವಾಗಿ ಎದ್ದು ಅವ್ವನ ಕಡೆ ನೋಡುತ್ತಿತ್ತು. ಹಾಗೆ ಹಲವು ವರ್ಷ ಕಳೆದವು. ಅವ್ವ ಅದನ್ನು ಮುದ್ದು ಮಾಡಿದ್ದನ್ನು ನಾನು ಕಂಡಿಲ್ಲ. "ಏಳ, ನಿನ್ನ ಕೂದ್ಲ ಹಿಟ್ಟಿನಾಗ ಬೀಳ್ತಾವ," ಎಂದು ಗದರುವುದು, ರೊಟ್ಟಿ ಮುರಿಯುವಾಗ ಮೆತ್ತಗಿನ ಕಡೆಯನ್ನು ಅದಕ್ಕೆ ಹಾಕುವುದು, ಎರಡೂ ನಡೆದಿದ್ದವು.

ಆಮೇಲೆ ಅವ್ವನಿಗೆ ಕೆಮ್ಮು ಹತ್ತಿತು. ಡಾಕ್ಟರು ಎದೆಯೊಳಗೆಲ್ಲ ಹಿಟ್ಟು ತುಂಬಿದೆ ಎನ್ನುವ ಅರ್ಥದಲ್ಲಿ ಏನೋ ಹೇಳಿದರು. ಗಿರಣಿ ನಿಲ್ಲಿಸಬೇಕು, ಧೂಳು ಕೂಡದು. ಅದೇ ಹೊತ್ತಿಗೆ ಗಿರಣಿಯ ಜಾಗ ಮಾರಾಟವಾಗಿ, ಕೆಡವಿ ಕಾಂಪ್ಲೆಕ್ಸ್ ಕಟ್ಟುವ ಮಾತು ಬಂತು. ಅವ್ವ ಕುಷ್ಟಗಿಗೆ ತಂಗಿಯ ಮನೆಗೆ ಹೋಗುವುದೆಂದು ನಿಶ್ಚಯವಾಯಿತು. ತಂಗಿಯದು ಮಾಳಿಗೆಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಮನೆಯ ಮಾಲೀಕ ನಾಯಿ ಬೇಡ ಅಂದಿದ್ದ. ಬೇಕು ಅಂದಿದ್ದರೂ ಡಬ್ಬಿಯ ಹಿಂಗಾಲುಗಳಿಗೆ ಮೆಟ್ಟಿಲು ಹತ್ತುವ ಶಕ್ತಿ ಉಳಿದಿರಲಿಲ್ಲ. ಅವ್ವ ತನ್ನ ಕೆಮ್ಮಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಇದಕ್ಕೊಂದು ಮನಿ ನೋಡಬೇಕಲ್ಲೋ ತಮ್ಮಾ. ಎಲ್ಲಾರ ಮನ್ಯಾಗೂ ಹೊಕ್ಕು ಬರಾಂವ ನೀನ. ಹೇಳು, ಯಾರ ಮನಿ ಛಲೋ ಐತಿ?" ಎಂದಳು. ನನಗೆ ಗೊತ್ತಿದ್ದ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಒಂದು ಸುತ್ತು ಹಾಕಿದೆ. ಯಾರದೂ ಇಲ್ಲ ಅಂದೆ.

ಆದರೂ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದೆ. ಮರುದಿನದಿಂದ ಶುರುವಾಯಿತು ಜಾತ್ರೆ. ಯಲಬುರ್ಗಾದಿಂದ ಒಬ್ಬ ಬಂದು, ದನ ಕೊಳ್ಳುವವನ ಹಾಗೆ ಅದರ ತುಟಿ ಎತ್ತಿ ಹಲ್ಲು ನೋಡಿದ. ಇನ್ನೂ ಮರಿ ಹಾಕುತ್ತದೆಯೋ ಎಂದು ಕೇಳಿದ. ಇಲ್ಲವೆಂದಾಗ ನಾಯಿಯ ತಲೆ ಸವರಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಡೆದ. ಮಗಳ ಹುಟ್ಟುಹಬ್ಬಕ್ಕೆ ನಾಯಿ ಬೇಕೆಂದು ಬಂದ ಗಂಡಹೆಂಡಿರು ಅದರ ಜೊತೆ ಮಗಳನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡರು, ವಿಡಿಯೋ ಮಾಡಿಕೊಂಡರು, ಮರಿ ಇದ್ದರೆ ತಿಳಿಸಿ ಎಂದು ಹೇಳಿ ಹೋದರು. ಗಂಗಾವತಿಯ ಒಂದು ಅಕ್ಕಿ ಮಿಲ್ಲಿನವನಿಗೆ ಗೋದಾಮು ಕಾಯಲು ನಾಯಿ ಬೇಕಾಗಿತ್ತು. ಬೊಗಳುತ್ತದೆಯೋ ಎಂದು ತಿಳಿಯಲು ಅದರ ಕಿವಿಯ ಹತ್ತಿರ ಚಪ್ಪಾಳೆ ಹೊಡೆದ, ಆಮೇಲೆ ಬೂಟಿನ ತುದಿಯಿಂದ ಪಕ್ಕೆಗೆ ತಿವಿದ. ಡಬ್ಬಿ ಎದ್ದು ಅವನ ಬೂಟನ್ನು ಮೂಸಿ ಮತ್ತೆ ಮಲಗಿತು. ಅವ್ವ ಅವನಿಗೆ, "ಬೊಗಳೂದು ನನ್ನ ಕೆಲಸ ಐತ್ರಿ. ಅದು ಸುಮ್ಮ ಕುಂದರತೈತಿ. ಬೇಕಾದ್ರ ನನ್ನನ್ನ ಕರಕೊಂಡು ಹೋಗ್ರಿ," ಎಂದಳು. ಅವನು ಕಾರು ಹತ್ತುವವರೆಗೂ ಅವಳು ಬೊಗಳಿದಳು ಅನ್ನಬೇಕು, ಓಣಿಯೆಲ್ಲ ಹೊರಗೆ ಬಂದು ನಿಂತಿತ್ತು.

ಇವರೆಲ್ಲರಿಗಿಂತ ನನಗೆ ವಾಕರಿಕೆ ಬಂದದ್ದು ಒಬ್ಬ ಪ್ರಾಣಿಪ್ರೇಮಿಯನ್ನು ಕಂಡು. ನಮ್ಮ ಊರಿನವನೇ. ಫೋನು ಮಾಡಿ ಅರ್ಧ ತಾಸು ನನಗೆ ಉಪದೇಶ ಮಾಡಿದ. ಮುದಿ ನಾಯಿಯನ್ನು ಸಿಕ್ಕಸಿಕ್ಕವರಿಗೆ ಕೊಡಬಾರದು, ಅವುಗಳಿಗೂ ಮನಸ್ಸಿರುತ್ತದೆ ಎಂದ. ಡಬ್ಬಿಯ ಫೋಟೋದ ಕೆಳಗೆ ಕಣ್ಣೀರು ಬರುವ ಹಾಗೆ ಬರೆದು ಹಾಕಿದ. ಯಾರಾದರೂ ಪುಣ್ಯಾತ್ಮರು ಮುಂದೆ ಬನ್ನಿ ಎಂದು ಕೈ ಮುಗಿದ. ಅದಕ್ಕೆ ಬಂದ ಮೆಚ್ಚುಗೆಗಳನ್ನು ನನಗೆ ತೋರಿಸಲು ಗಿರಣಿಯವರೆಗೂ ಬಂದ. ಅವನ ಮನೆಯ ಮೀಟರು ಹಿಂದಿನ ಗೋಡೆಯ ಮೇಲಿದೆ, ಹಾಗಾಗಿ ಅವನ ಕಂಪೌಂಡು ಎಷ್ಟು ದೊಡ್ಡದೆಂದು ನನಗೆ ಗೊತ್ತು. ಕುಂಡಗಳ ಹೊರತು ಅಲ್ಲಿ ಏನೂ ಇಲ್ಲ. ನೀವೇ ಇಟ್ಟುಕೊಳ್ಳಬಹುದಲ್ಲ ಅಂದೆ. ಮನೆಯವರಿಗೆ ನಾಯಿಯ ವಾಸನೆ ಆಗುವುದಿಲ್ಲ ಎಂದು ಹೇಳುವಾಗ ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

ಹೀಗಿರುವಾಗ ಹೊಸ ಲೇಔಟಿನ ಗ್ರಾನೈಟ್ ಮನೆಯ ಯಜಮಾನಿ ತಾವೇ ಬಂದು, ಪಾಪ, ನಮ್ಮ ಮನೆಯಲ್ಲಿ ಇರಲಿ ಅಂದರು. ಅವ್ವನ ಮುಖ ಅರಳಿದ್ದನ್ನು ನಾನು ಕಂಡೆ. ಆ ಮನೆಯ ಜೋಳದಲ್ಲಿ ಇಷ್ಟು ವರ್ಷದಲ್ಲಿ ಒಂದು ಹಳ್ಳು ಸಿಕ್ಕಿರಲಿಲ್ಲ. ತೊಳೆದು, ಒಣಗಿಸಿ, ಮೊರದಲ್ಲಿ ಕೇರಿ, ಬಿಳಿ ಬಟ್ಟೆಯ ಚೀಲದಲ್ಲಿ ಕಟ್ಟಿ ಕಳಿಸುತ್ತಿದ್ದರು. ಬೇರೆಯವರಿಗೆ ಬಯ್ಯುವಾಗ ಅವ್ವ ಆ ಚೀಲವನ್ನು ಬಿಚ್ಚಿ ತೋರಿಸುತ್ತಿದ್ದಳು. ನಾನು ಅವಳಿಗೆ ಹೇಳಿದೆ: ಆ ಮನೆಯಲ್ಲಿ ಮೀಟರ್ ಓದಬೇಕಾದರೆ ಗೇಟಿನ ಹೊರಗೇ ಚಪ್ಪಲಿ ಬಿಡಬೇಕು, ನಾನು ಹೊರಗೆ ಬಂದ ಮೇಲೆ ನಿಂತ ಜಾಗಕ್ಕೆ ನೀರು ಸುರಿಯುತ್ತಾರೆ. ಅವ್ವ ಕೇಳಲಿಲ್ಲ. ನೀನು ಊರೆಲ್ಲ ಗಟಾರು ತುಳಿದು ಬಂದಿರುತ್ತೀಯ, ತೊಳೆಯದೆ ಏನು ಮಾಡುತ್ತಾರೆ ಎಂದು ನನ್ನನ್ನೇ ಅಂದಳು.

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹಿರಿಯರು ಹೋಗಿ ಗಂಡಿನ ಮನೆ ನೋಡಿ ಬರುತ್ತಾರೆ. ಅವ್ವ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟು, ಹಿರಿಯನ ಲೆಕ್ಕಕ್ಕೆ ನನ್ನನ್ನು ಕರೆದುಕೊಂಡು ಹೊರಟಳು. ಗ್ರಾನೈಟಿನ ಮೇಲೆ ನಮ್ಮ ಮುಖ ಕಾಣುತ್ತಿತ್ತು. ಅವ್ವ ಅಡುಗೆಮನೆಯ ಹೊಸ್ತಿಲವರೆಗೂ ಹೋಗಿ ಇಣುಕಿ, ನೀರಿನ ಕೊಡ ನೋಡಿ, ಹಿತ್ತಲು ನೋಡಿ, ಒಂದು ಜೇಡರ ಬಲೆ ಇಲ್ಲದ್ದಕ್ಕೆ ತಲೆದೂಗಿದಳು. ನಮಗೆ ಚಹಾ ಬಂದದ್ದು ಕಾಗದದ ಕಪ್ಪಿನಲ್ಲಿ. ಕಪಾಟಿನ ತುಂಬ ಸ್ಟೀಲಿನ ಲೋಟಗಳಿದ್ದವು. ನನ್ನ ಕಣ್ಣಿಗೆ ಬಿದ್ದದ್ದು ಅವ್ವನ ಕಣ್ಣಿಗೆ ಬೀಳಲಿಲ್ಲವೋ, ಬಿದ್ದರೂ ಬೇಡವೆನ್ನಿಸಿತೋ, ನಾನು ಕೇಳಲಿಲ್ಲ. ಡಬ್ಬಿ ಅಲ್ಲಿಗೆ ಹೋಯಿತು.

ಮುಂದಿನ ತಿಂಗಳು ಮೀಟರ್ ಓದಲು ಅಲ್ಲಿಗೆ ಹೋದೆ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೊಳವೆಗೆ ಕಟ್ಟಿದ ಒಂದು ನಾಯಿ ಇತ್ತು. ಮೊದಲು ಅದು ಡಬ್ಬಿಯೆಂದೇ ತಿಳಿಯಲಿಲ್ಲ. ಕೂದಲು ಉದುರುತ್ತದೆಂದು ಮೈಯೆಲ್ಲ ಬೋಳಿಸಿಬಿಟ್ಟಿದ್ದರು. ಸರಪಳಿ ಎಷ್ಟು ಗಿಡ್ಡವೆಂದರೆ ಡಬ್ಬಿಗೆ ಮೈ ಚಾಚಿ ಮಲಗಲು ಬರುತ್ತಿರಲಿಲ್ಲ, ಕೂತೇ ತೂಕಡಿಸುತ್ತಿತ್ತು. ನೆಲ ಒದ್ದೆ, ಮೂಗು ಸುಡುವ ಫಿನೈಲಿನ ವಾಸನೆ. ದಿನವೂ ಎರಡು ಸಲ ಅದು ಕೂತ ಜಾಗವನ್ನು ತೊಳೆಯುತ್ತಿದ್ದರಂತೆ, ಅದನ್ನು ಎಬ್ಬಿಸದೆಯೇ. ನಾಲ್ಕೂ ಪಾದಗಳ ಬೆರಳ ಸಂದು ಕೆಂಪಗೆ ಬಿರಿದು ರಸಿಗೆಯಾಗಿತ್ತು. ಪಕ್ಕದಲ್ಲಿಟ್ಟ ಊಟದ ತಾಟು ಮಾತ್ರ ಫಳಫಳ ಹೊಳೆಯುತ್ತಿತ್ತು. ಊರಿನ ಎಲ್ಲ ಗಟಾರುಗಳನ್ನು ಕಂಡವನು ನಾನು. ಆ ಹಿತ್ತಲಿನಷ್ಟು ಹೊಲಸು ಜಾಗವನ್ನು ಕಂಡಿರಲಿಲ್ಲ.

ನಾನು ಸರಪಳಿ ಬಿಚ್ಚಿದೆ. ಯಜಮಾನಿ ಬಂದು, "ನಾವೇನು ಊಟಾ ಕಡಿಮಿ ಮಾಡಿಲ್ರಿ ಮತ್ತ. ಸ್ವಚ್ಛ ಇಟ್ಟೀವಿ," ಅಂದರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು, ಅದೇ ನನಗೆ ಸಹಿಸಲಾಗಲಿಲ್ಲ. ಡಬ್ಬಿಗೆ ನಡೆಯಲು ಆಗುತ್ತಿರಲಿಲ್ಲ. ನಾಯಿ ಮುಟ್ಟದ ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆಟೋದಲ್ಲಿ ಗಿರಣಿಗೆ ತಂದೆ. ಗೇಟು ದಾಟುವಾಗ ಹಿಂದೆ ಬಕೆಟ್ಟಿನಿಂದ ನೀರು ಚೆಲ್ಲಿದ ಸದ್ದು ಕೇಳಿಸಿತು.

ಅವ್ವ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಗಿರಣಿ ನಿಲ್ಲಿಸಿ ನಾಯಿಯ ಪಕ್ಕ ಕೂತುಬಿಟ್ಟಳು. ತನ್ನ ಬಲಗೈಯನ್ನು, ಚೀಲದೊಳಗೆ ಹಾಕುತ್ತಿದ್ದ ಅದೇ ಕೈಯನ್ನು, ತಿರುಗಿಸಿ ತಿರುಗಿಸಿ ನೋಡಿದಳು. "ಅಷ್ಟು ಹಸನು ಮಾಡೋರು ಏನನ್ನೂ ಒಳಗ ಬಿಟ್ಟುಕೊಳ್ಳೂದಿಲ್ಲ. ಇದು ನಂಗ ಹೊಳೀಲೇ ಇಲ್ಲ ನೋಡು," ಎಂದಳು. ಆಮೇಲೆ ಅತ್ತಳು. ಹಿಟ್ಟಿನ ಮೇಲೆ ನೀರು ಇಳಿದು ಕೆನ್ನೆಯೆಲ್ಲ ಅಂಟಂಟಾಯಿತು.

ಗಿರಣಿ ಕೆಡವುವ ದಿನ ಹತ್ತಿರ ಬಂದಿತ್ತು. ಆ ವಾರದ ಸಂತೆಗೆ ಕುರಿಮನೆಯ ಹೆಂಗಸು ಬಂದಳು. ಇರಕಲ್ಲಗಡದ ದಾರಿಯ ಒಂದು ಸಣ್ಣ ಊರಿನವಳು, ಅವರದು ಕುರಿ ಸಾಕುವ ಮನೆ. ಸಂತೆಗೆ ಬಂದಾಗ ಜೋಳ ಬೀಸಿಸಿಕೊಂಡು ಬಸ್ಸು ಹತ್ತುವುದು ಅವಳ ಪದ್ಧತಿ. ಅವ್ವನ ಬಯ್ಗುಳದ ಮುಕ್ಕಾಲು ಪಾಲು ಇವಳಿಗೇ ಮೀಸಲಾಗಿತ್ತು. ಅವಳ ಚೀಲದಲ್ಲಿ ಹಳ್ಳು, ರವದಿಯ ಒಣ ಸಿಪ್ಪೆ, ಒಮ್ಮೊಮ್ಮೆ ಕುರಿಯ ಹಿಕ್ಕಿ ಕೂಡ ಸಿಗುತ್ತಿತ್ತು. ಹೊಲವನ್ನೇ ಹೊತ್ತುಕೊಂಡು ಬಂದಿದ್ದೀಯಲ್ಲ ಎಂದು ಅವ್ವ ಅಂದರೆ ಅವಳು ನಗುತ್ತ ಅಲ್ಲೇ ಕೂತು ಹಸನು ಮಾಡಿಕೊಡುತ್ತಿದ್ದಳು, ಮುಂದಿನ ಸಂತೆಗೆ ಮತ್ತೆ ಅದೇ ಕಥೆ. ಅವಳ ಮನೆಯ ಮೀಟರನ್ನೂ ನಾನೇ ಓದುವುದು. ಡಬ್ಬದೊಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಕುರಿಯ ಗಂಜಲದ ಘಾಟಿಗೆ ನಾನು ಹತ್ತಿರ ಹೋಗುತ್ತಿರಲಿಲ್ಲ, ಬೇಲಿಯಾಚೆ ನಿಂತು ಮೊಬೈಲಿನಲ್ಲಿ ದೊಡ್ಡದು ಮಾಡಿ ಓದಿಕೊಳ್ಳುತ್ತಿದ್ದೆ.

ಅವಳು ಬಂದವಳೇ ಡಬ್ಬಿಯನ್ನು ನೋಡಿದಳು. ಯಾರು, ಏನು, ಹೇಗೆ ಎಂದು ಕೇಳಲಿಲ್ಲ. ಪಾದ ಎತ್ತಿ ನೋಡಿ, ಸಂತೆಯಲ್ಲಿ ತನ್ನ ತಲೆಗೆಂದು ಕೊಂಡಿದ್ದ ಔಡಲೆಣ್ಣೆಯ ಬಾಟಲಿ ಬಿಚ್ಚಿ, ಒಂದೊಂದೇ ಬೆರಳ ಸಂದಿಗೆ ಹಚ್ಚಿದಳು. ಕೈ ಒರೆಸಿಕೊಂಡದ್ದು ಸೀರೆಗೆ. ಅದೇ ಕೈಯಲ್ಲಿ ಎಲೆ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. ಗಿರಣಿಯ ಕಥೆ, ಕುಷ್ಟಗಿಯ ಕಥೆ ಕೇಳಿದ ಮೇಲೆ, ತನ್ನ ಮನೆಯಲ್ಲಿ ನಾಯಿಗಳು ನಾಲ್ಕೈದು ಇವೆ, ಇದೊಂದು ಹೆಚ್ಚಾಗದು ಎಂದಳು. ಅವಳು ಬಸ್ಸಿಗೆ ಹೋದ ಮೇಲೆ ನಾನು ಬೇಡವೆಂದೆ. ಆ ಮನೆಯ ಹೊಲಸು ನಿನಗೆ ಗೊತ್ತಿಲ್ಲ ಅಂದೆ. ಅವ್ವ ಹೇಳಿದ ಮಾತು ಇದು: "ನೀ ಬೇಲಿ ಹೊರಗ ನಿಂತು ನೋಡೀದಿ. ನಾ ಬರೇ ಚೀಲದಾಗ ಕೈ ಹಾಕಿ ನೋಡೀನಿ. ಹೇಸಿಗಿ ಆದ್ರ ಆಗ್ಲಿ, ಮೂಗು ಮುಚ್ಚಿಕೊಂಡು ಒಳಗ ಹೋಗಿ ನೋಡೂಣು ನಡಿ."

ಈ ಸಲ ಇಳಕಲ್ ಸೀರೆ ಉಡಲಿಲ್ಲ. ನನ್ನ ಬೈಕಿನ ಹಿಂದೆ ಕೂತು, ದಾರಿಯುದ್ದಕ್ಕೂ ಕೆಮ್ಮುತ್ತ ಬಂದಳು. ಆ ಮನೆಯೊಳಗೆ ನಾನು ಕಾಲಿಟ್ಟದ್ದು ಅವತ್ತೇ ಮೊದಲು. ಹೊರಗಿನಿಂದ ಎಣಿಸಿದ್ದಕ್ಕಿಂತ ಹೆಚ್ಚೇ ಹೊಲಸಿತ್ತು. ನೊಣಗಳು, ಹಿಕ್ಕಿ, ತೊಳೆಯದ ಪಾತ್ರೆ. ಚಹಾ ಸ್ಟೀಲಿನ ಲೋಟದಲ್ಲೇ ಬಂತು, ಆದರೆ ಅದರಲ್ಲಿ ಉಣ್ಣೆಯ ಎಳೆ ತೇಲುತ್ತಿತ್ತು. ನಾನು ಯಾರೂ ನೋಡದ ಹಾಗೆ ಚೆಲ್ಲಿದೆ. ಅವ್ವ ಮೂಗಿಗೆ ಸೆರಗು ಹಿಡಿದು, ಕುಡಿಯುವಾಗ ಮಾತ್ರ ಸರಿಸಿ, ಪೂರ್ತಿ ಕುಡಿದಳು.

ಬಾಗಿಲ ನಡುವೆಯೇ, ಹರಿದ ಕಂಬಳಿಯ ಮೇಲೆ ಒಂದು ಮುದಿ ನಾಯಿ ಮಲಗಿತ್ತು. ಎರಡೂ ಕಣ್ಣಿಗೆ ಪೊರೆ ಬಂದು ಕುರುಡಾಗಿತ್ತು. ಮನೆಯವರೆಲ್ಲ ಅದನ್ನು ದಾಟಿಕೊಂಡೇ ಓಡಾಡುತ್ತಿದ್ದರು. ಮನೆಯ ಯಜಮಾನ ಹೊರಗಿನಿಂದ ಬಂದವನು ಅದನ್ನು ಎಡವಿ, ಸಾಯಲೊಲ್ಲದು ಹಾಳಾದ್ದು ಎಂದು ಬಯ್ದ. ಬಯ್ಯುತ್ತಲೇ ಬಗ್ಗಿ, ಅದರ ನೀರಿನ ಬೋಗುಣಿಯನ್ನು ಮೂತಿಯ ಹತ್ತಿರ ಸರಿಸಿ ಒಳಗೆ ಹೋದ. ಅವ್ವನ ಕಣ್ಣು ಆ ಬೋಗುಣಿಯ ಮೇಲೇ ನಿಂತಿತು. ಈ ಕುರುಡು ನಾಯಿ ನಿಮಗೆ ಯಾವ ಉಪಯೋಗಕ್ಕೆ ಎಂದು ಕೇಳಿದಳು. ಕುರಿಮನೆಯ ಹೆಂಗಸು, ಕುರಿ ಹಿಂದೆ ತಿರುಗಿ ದುಡಿದಿದೆ, ಈಗ ಕೂತು ತಿನ್ನಲಿ ಅಂದಳು.

"ನಂದು ನಿಮ್ಮಲ್ಲಿ ದುಡದಿಲ್ಲಲ್ಲ," ಎಂದಳು ಅವ್ವ.

"ನಿನ್ನ ಮುಂದ ಇಷ್ಟು ವರ್ಷ ಕುಂತಿತ್ತಲ್ಲ ಯವ್ವಾ. ಅದೂ ದುಡಿಮಿನ."

ಎರಡು ದಿನ ಬಿಟ್ಟು ಡಬ್ಬಿಯನ್ನು ಆಟೋದಲ್ಲಿ ಅಲ್ಲಿಗೆ ಒಯ್ದೆವು, ಜೊತೆಗೆ ಅದರ ತಗಡಿನ ಡಬ್ಬಿ. ಕುರಿಮನೆಯ ಹೆಂಗಸು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಮೊದಲು ಡಬ್ಬಿಗೆ ಹಾಕಿ, ಆಮೇಲೆ ಕುರುಡು ನಾಯಿಗೆ ಹಾಕಿದಳು. ಕುರುಡು ನಾಯಿ ವಾಸನೆ ಹಿಡಿದು ಕುಂಯ್‌ಗುಟ್ಟಿದರೂ ಕಾಯಿಸಿದಳು. ಹೊರಡುವಾಗ ಅವ್ವ ಡಬ್ಬಿಯ ತಲೆ ಮುಟ್ಟಲಿಲ್ಲ, ಹಿಂದಿರುಗಿ ನೋಡಲಿಲ್ಲ. ಆಟೋದಲ್ಲಿ ಕೂತು ಬಹಳ ದೂರ ಬಂದ ಮೇಲೆ, ಆ ಮನೆಯಲ್ಲಿ ವಾಸನೆ ಭಾಳ ಅಂದಳು. ಆಮೇಲೆ, "ನಮ್ಮ ಡಬ್ಬಿಗೆ ಮೊದ್ಲ ಹಾಕಿದ್ಲು, ನೋಡಿದಿ?" ಎಂದಳು.

ಕುಷ್ಟಗಿಗೆ ಹೋದ ಮೇಲೆ ಅವಳು ನನಗೆ ಫೋನು ಮಾಡುತ್ತಿದ್ದದ್ದು ಇದೊಂದನ್ನು ಕೇಳಲು. ನಾನು ಆ ಊರಿಗೆ ಮೀಟರ್ ಓದಲು ಹೋದಾಗೆಲ್ಲ ಒಳಗೆ ಹೋಗಿ ನೋಡಿ ವರದಿ ಕೊಡಬೇಕು. ಕೂದಲು ಬಂತು, ಪಾದ ಮಾಯಿತು, ಕುರಿಮರಿಗಳ ನಡುವೆ ಮಲಗುತ್ತದೆ, ಹೊಟ್ಟೆ ಬಂದಿದೆ, ಮೈ ಗಬ್ಬು ನಾರುತ್ತದೆ. ನಾರುವ ಸುದ್ದಿಗೆ ಅವಳು ಫೋನಿನಲ್ಲೇ ನಗುತ್ತಿದ್ದಳು, ನಗು ಕೆಮ್ಮಾಗುತ್ತಿತ್ತು. ಒಮ್ಮೆ ಅವಳನ್ನು ನೋಡಲು ಹೋದೆ. ಕಿಟಕಿಯ ಪಕ್ಕ ಮಂಚದ ಮೇಲೆ ಕೂತಿದ್ದಳು. ರೆಪ್ಪೆಗಳು ಕರ್ರಗಿದ್ದವು. ನನಗೆ ಆ ಮುಖವನ್ನು ನೋಡಲಾಗದೆ ಕಿಟಕಿಯಿಂದ ಹೊರಗೆ ನೋಡುತ್ತ ಮಾತಾಡಿದೆ. ಈಗಲೂ ಮೊದಲು ಡಬ್ಬಿಗೇ ಹಾಕುತ್ತಾಳಾ ಎಂದು ಕೇಳಿದಳು. ಊಟದ ಹೊತ್ತಿಗೆ ನಾನೆಂದೂ ಅಲ್ಲಿ ಇದ್ದದ್ದಿಲ್ಲ ಅಂದೆ. "ನೋಡ್ಕೊಂಡು ಬಾ," ಎಂದಳು. ನಾನು ನೋಡಿಕೊಂಡು ಬರುವ ಮೊದಲೇ ಅವಳು ತೀರಿಕೊಂಡಳು.

ಅವಳ ದಿನಕರ್ಮದ ಊಟಕ್ಕೆ ಕುಷ್ಟಗಿಗೆ ಹೋದೆ. ಬಂದವರು ಅವ್ವನ ಹೆಸರೆತ್ತದೆ ಪ್ಲಾಟಿನ ರೇಟು ಮಾತಾಡುತ್ತ ಉಂಡರು. ಎಡೆಯ ಹೋಳಿಗೆ ಮುಟ್ಟುವಾಗಲೂ ಅದೇ ಮಾತು. ಎದ್ದು ಬಂದುಬಿಡೋಣ ಅನ್ನಿಸಿತ್ತು. ಅಷ್ಟರಲ್ಲಿ ತಂಗಿ ಒಂದು ಪೊಟ್ಟಣ ತಂದು ಕೈಗಿಟ್ಟಳು. ಹೋಳಿಗೆ, ಮೇಲೆ ತುಪ್ಪ. ತನ್ನ ದಿನಕ್ಕೆ ಮಾಡಿದ್ದನ್ನು ಡಬ್ಬಿಗೆ ಕಳಿಸಬೇಕೆಂದು ಅಕ್ಕ ಹೇಳಿದ್ದಳು ಅಂದಳು. ಅವತ್ತೇ ಸಂಜೆ ಬೈಕು ಹತ್ತಿ ಸೀದಾ ಕುರಿಮನೆಗೆ ಬಂದೆ. ಸುದ್ದಿ ಕೇಳಿ ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಪೊಟ್ಟಣ ಬಿಚ್ಚಿ, ಹೋಳಿಗೆ ಮುರಿದು, ಬಾಗಿಲಲ್ಲಿ ಮಲಗಿದ್ದ ಕುರುಡು ನಾಯಿಯ ಬಾಯ ಮುಂದೆ ಹಿಡಿದಳು.

ನನಗೆ ರೇಗಿತು. ಕುಷ್ಟಗಿಯಿಂದ ಹೊತ್ತು ತಂದದ್ದು ಇದಕ್ಕಲ್ಲ, ಅವ್ವ ಕಳಿಸಿದ್ದು ಡಬ್ಬಿಗೆ ಎಂದು ಜೋರಾಗಿಯೇ ಅಂದೆ. ಬಂದ ದಿನ ಮೊದಲು ಅದಕ್ಕೇ ಹಾಕಿದ್ದೆಯಲ್ಲ, ಅವ್ವ ಸಾಯುವವರೆಗೂ ಅದನ್ನೇ ನೆನೆಸಿಕೊಂಡಳು ಎಂದೆ. ಅವಳು ಕುರುಡು ನಾಯಿ ನುಂಗುವವರೆಗೂ ಕಾದು, ಕೈ ಸೀರೆಗೆ ಒರೆಸಿಕೊಂಡು, ನನ್ನ ಕಡೆ ತಿರುಗಿದಳು.

"ಅವತ್ತು ಅದು ಬೀಗರು ಅಣ್ಣಾ. ಬಂದವ್ರಿಗೆ ಮೊದ್ಲ ಹಾಕಬೇಕು. ಈಗ ಮನೀದು ಆಗೇತಿ. ಮನ್ಯಾಗ ಹಿರೇದಕ್ಕ ಮೊದ್ಲ."

ಡಬ್ಬಿ ಕುರುಡು ನಾಯಿಯ ಹಿಂದೆ ಕೂತಿತ್ತು. ಮೈಯೆಲ್ಲ ಹಿಕ್ಕಿ ಮೆತ್ತಿತ್ತು. ಹೋಳಿಗೆಯ ವಾಸನೆಗೆ ಬಾಯಿಂದ ಜೊಲ್ಲು ಇಳಿಯುತ್ತಿದ್ದರೂ ಮುಂದೆ ನುಗ್ಗಲಿಲ್ಲ. ಅದರ ಹಿಂದೆ ಉಳಿದ ನಾಯಿಗಳು ತಮ್ಮ ಪಾಳಿಗೆ ಕಾಯುತ್ತಿದ್ದವು. ಡಬ್ಬಿ ತನ್ನ ಪಾಲು ತಿಂದು ಮುಗಿಸಿ ಬಂದು ನನ್ನ ಚಪ್ಪಲಿಯ ಮೇಲೆ ಜೊಲ್ಲು ಸುರಿಸುತ್ತ ಗದ್ದ ಇಟ್ಟಿತು. ಹೇಸಿಗೆಯಾಯಿತು. ಕಾಲು ಮಾತ್ರ ತೆಗೆಯಲಿಲ್ಲ.

ನೋಡ್ಕೊಂಡು ಬಾ ಅಂದಿದ್ದಳು ಅವ್ವ. ನೋಡಿದೆ. ಹೇಳಲು ಅಭ್ಯಾಸದ ಮೇಲೆ ಫೋನು ತೆಗೆದು, ಅವಳ ನಂಬರನ್ನು ಒತ್ತಿಯೇಬಿಟ್ಟಿದ್ದೆ.